‘ನೆಕ್ಸ್ಟ್’ ಒತ್ತಿದರೆ ಬೇರೆ ಥ್ರೆಡ್‌ಗೆ ಹಾರುತ್ತದೆ, ನನ್ನ ಡಿಬಗರ್ ಕೆಟ್ಟಿದೆಯಾ?

ಪ್ರಶ್ನೆ: ಸರ್, ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಲಿನಕ್ಸ್ ಮೇಲೆ ಸಿ++ನಲ್ಲಿ ಒಂದು ಸರ್ವಿಸ್ ಬರೆದಿದ್ದೇನೆ. ಒಂದು ಕ್ಯೂ ಇದೆ, ಅದರಿಂದ ಕೆಲಸ ಎತ್ತಿಕೊಳ್ಳುವ ನಾಲ್ಕು ವರ್ಕರ್ ಥ್ರೆಡ್‌ಗಳಿವೆ (ಒಂದೇ ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಸಾಗುವ ಓಟಗಳು). ಒಮ್ಮೆಗೆ ಒಂದೇ ಥ್ರೆಡ್ ಮುಟ್ಟಲಿ ಅಂತ ಕ್ಯೂಗೆ ಒಂದು ಲಾಕ್, ಲೆಕ್ಕ ಇಡುವ ಟೇಬಲ್‌ಗೆ ಇನ್ನೊಂದು ಲಾಕ್. ಸುಮ್ನೆ ಓಡಿಸಿದರೆ ಅರ್ಧ ಗಂಟೆಯೊಳಗೆ ಎಲ್ಲೋ ನಿಂತುಬಿಡುತ್ತದೆ. ಅದನ್ನೇ ಡಿಬಗ್ ಬಿಲ್ಡ್ ಮಾಡಿ (ತಪ್ಪು ಹುಡುಕಲು ಅನುಕೂಲವಾಗುವಂತೆ ಕಂಪೈಲ್ ಮಾಡಿ), ಜಿಡಿಬಿ ಎಂಬ ಡಿಬಗರ್ (ತಪ್ಪು ಹುಡುಕುವ ಸಾಧನ) ಒಳಗೆ ಓಡಿಸಿದರೆ ನಿಲ್ಲುವುದೇ ಇಲ್ಲ. ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಬಂದು ನಿಲ್ಲಬೇಕಾದ ಸಾಲಿನ ಗುರುತು) ಇಟ್ಟು, ಒಂದು ಸಾಲು ಮುಂದೆ ಹೋಗಲು ನೆಕ್ಸ್ಟ್ ಒತ್ತಿದರೆ ಬೇರೆ ಥ್ರೆಡ್‌ಗೆ ಹಾರುತ್ತದೆ. ಗೆಳೆಯ ಹೇಳಿದ ಅಂತ ಶೆಡ್ಯೂಲರ್-ಲಾಕಿಂಗ್ ಆನ್ ಮಾಡಿದೆ. ಈಗ ನೆಕ್ಸ್ಟ್ ಒತ್ತಿದರೆ ವಾಪಸ್ಸೇ ಬರುವುದಿಲ್ಲ. ಜಿಡಿಬಿಯನ್ನು ಎರಡು ಸಲ ತೆಗೆದು ಮತ್ತೆ ಹಾಕಿದೆ. ಏನು ಮಾಡಲಿ?

ಉತ್ತರ: ಮೂರನೇ ಸಲ ಹಾಕಬೇಡಿ. ನಿಮ್ಮ ಜಿಡಿಬಿಗೆ ಏನೂ ಆಗಿಲ್ಲ. ಹಾರುವುದು, ವಾಪಸ್ ಬಾರದಿರುವುದು ಎರಡೂ ಅದರ ಮಾಮೂಲಿ ನಡವಳಿಕೆ. ಅದರೊಳಗೆ ಪ್ರೋಗ್ರಾಂ ನಿಲ್ಲದಿರುವುದಕ್ಕೆ ಬೇರೆ ಕಾರಣಗಳಿವೆ. ತಪ್ಪು ಇರುವುದು ನಿಮ್ಮ ಕೋಡ್‌ನಲ್ಲಿ. ಅದನ್ನು ಹುಡುಕಲು ನೆಕ್ಸ್ಟ್ ಒತ್ತುವ ಅಗತ್ಯವೇ ಇಲ್ಲ. ಒಂದೇ ಥ್ರೆಡ್ ಇರುವ ಪ್ರೋಗ್ರಾಂ ಜೊತೆ ನಾವು ಹೆಜ್ಜೆ ಹಾಕುತ್ತಾ ಹೋಗಬಹುದು. ಐದು ಥ್ರೆಡ್ ಇದ್ದಾಗ ಒಬ್ಬನ ಜೊತೆ ನಡೆಯುತ್ತಿದ್ದರೆ ಉಳಿದ ನಾಲ್ವರು ಏನು ಮಾಡಿಕೊಂಡರು ಅಂತ ಗೊತ್ತಾಗುವುದಿಲ್ಲ. ಅಲ್ಲಿ ಡಿಬಗರನ್ನು ಕ್ಯಾಮೆರಾ ಥರ ಬಳಸಬೇಕು. ಎಲ್ಲರೂ ಸಿಕ್ಕಿಹಾಕಿಕೊಂಡು ನಿಂತಾಗ ಒಂದು ಫೋಟೊ ತೆಗೆದು, ಅದನ್ನು ಕೂತು ಓದಬೇಕು.

(ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಪದ ಹಾಕಿಕೊಳ್ಳಿ.)

ಮೊದಲು ಈ ಹಾರುವ ವಿಷಯ. ಚಿಕ್ಕವರಿದ್ದಾಗ ಸ್ಟ್ಯಾಚ್ಯೂ ಆಟ ಆಡಿರುತ್ತೀರಿ ಅಲ್ವಾ? ಒಬ್ಬ ‘ಸ್ಟ್ಯಾಚ್ಯೂ’ ಅಂದ ಕೂಡಲೇ ಎಲ್ಲರೂ ಇದ್ದಲ್ಲೇ ಕಲ್ಲು. ಜಿಡಿಬಿಯ ಮಾಮೂಲಿ ಕ್ರಮವೂ ಹೀಗೆಯೇ, ಅದಕ್ಕೆ ಆಲ್-ಸ್ಟಾಪ್ ಅಂತ ಹೆಸರು. ಯಾವುದೋ ಒಂದು ಥ್ರೆಡ್ ಬ್ರೇಕ್‌ಪಾಯಿಂಟ್ ಮುಟ್ಟಿದರೆ ಸಾಕು, ಎಲ್ಲ ಥ್ರೆಡ್‌ಗಳೂ ನಿಲ್ಲುತ್ತವೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಜಾಸ್ತಿ ಜನರು ಗಮನಿಸದೇ ಇರುವುದು ಮುಂದಿನದನ್ನು. ನೀವು ನೆಕ್ಸ್ಟ್ ಒತ್ತಿದಾಗ ಆ ಒಂದು ಥ್ರೆಡ್ ಒಂದು ಸಾಲು ದಾಟುವಷ್ಟು ಹೊತ್ತು ಉಳಿದವರಿಗೂ ಬಿಡುಗಡೆ ಸಿಗುತ್ತದೆ. ಆ ಸಾಲಿನಲ್ಲಿ ಡಿಸ್ಕ್‌ಗೆ ಬರೆಯುವ ಫಂಕ್ಷನ್ ಇದ್ದರೆ, ಅಷ್ಟರಲ್ಲಿ ಉಳಿದವರು ಸಾವಿರಾರು ಸಾಲು ಓಡಿ ಮುಗಿಸಿರುತ್ತಾರೆ. ಅವರಲ್ಲೊಬ್ಬ ಅದೇ ಬ್ರೇಕ್‌ಪಾಯಿಂಟ್ ಮುಟ್ಟಿದರೆ ಮತ್ತೆ ಸ್ಟ್ಯಾಚ್ಯೂ. ಈ ಸಲ ಜಿಡಿಬಿ ಆ ಹೊಸಬನ ಪಕ್ಕ ಬಂದು ನಿಲ್ಲುತ್ತದೆ. ನಿಮ್ಮ ನಾಲ್ಕೂ ವರ್ಕರ್‌ಗಳು ಓಡಿಸುವುದು ಒಂದೇ ಫಂಕ್ಷನ್. ಹಾಗಾಗಿ ಪರದೆಯ ಮೇಲೆ ಕಾಣುವ ಕೋಡ್ ಅದೇ, ವೇರಿಯಬಲ್‌ಗಳ ಬೆಲೆ ಮಾತ್ರ ಬೇರೆ. ನೋಡುವವರಿಗೆ ಡಿಬಗರ್‌ಗೆ ತಲೆ ಕೆಟ್ಟಂತೆ ಕಾಣುತ್ತದೆ. ‘ಸ್ವಿಚಿಂಗ್ ಟು ಥ್ರೆಡ್’ ಅಂತ ಅದು ಒಂದು ಸಾಲು ಹೇಳಿರುತ್ತದೆ. ಎಡಿಟರ್ ಒಳಗಿಂದ ಡಿಬಗ್ ಮಾಡುವವರ ಕಣ್ಣಿಗೆ ಆ ಸಾಲು ಬೀಳುವುದೇ ಅಪರೂಪ.

ಹಾರುವುದು ಬೇಡ ಎಂದರೆ ಬ್ರೇಕ್‌ಪಾಯಿಂಟನ್ನು ಒಂದೇ ಥ್ರೆಡ್‌ಗೆ ಕಟ್ಟಿಹಾಕಿ. ‘ಬ್ರೇಕ್ ವರ್ಕರ್.ಸಿಪಿಪಿ:42 ಥ್ರೆಡ್ 3’ ಎಂದರೆ ಮೂರನೇ ಥ್ರೆಡ್ ಬಂದರೆ ಮಾತ್ರ ನಿಲ್ಲುತ್ತದೆ. ಇಲ್ಲಿನ 3 ಜಿಡಿಬಿ ತಾನೇ ಕೊಟ್ಟ ನಂಬರ್, ‘ಇನ್ಫೋ ಥ್ರೆಡ್ಸ್’ ಹಾಕಿದರೆ ಎಡಗಡೆ ಕಾಣುವುದು. ಕರ್ನಲ್ (ಲಿನಕ್ಸ್‌ನ ತಿರುಳು) ಕೊಡುವ ನಂಬರ್ ಬೇರೆ, ಅದರ ಕಥೆ ಮುಂದೆ ಬರುತ್ತದೆ. ಯಾರು ಯಾರು ಅಂತ ಗುರುತು ಸಿಗುತ್ತಿಲ್ಲವೆಂದರೆ ಥ್ರೆಡ್‌ಗಳಿಗೆ ಹೆಸರಿಡಿ. ಪಿಥ್ರೆಡ್_ಸೆಟ್‌ನೇಮ್_ಎನ್‌ಪಿ ಎಂಬ ಫಂಕ್ಷನ್ ಇದೆ, 15 ಅಕ್ಷರದೊಳಗೆ ಹೆಸರು ಕೊಡಬೇಕು. ಎರಡು ನಿಮಿಷದ ಕೆಲಸ. ಆಮೇಲೆ ಜಿಡಿಬಿಯಲ್ಲೂ ಟಾಪ್ ಎಂಬ ಕಮಾಂಡ್‌ನಲ್ಲೂ ಹೆಸರು ಹಿಡಿದು ಮಾತಾಡಬಹುದು. ಹೆಸರಿಲ್ಲದ ಹದಿನಾರು ಥ್ರೆಡ್‌ಗಳ ಪಟ್ಟಿ ಓದುವುದು ಎಷ್ಟು ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು.

ಈಗ ನಿಮ್ಮ ಗೆಳೆಯರ ಸಲಹೆ. ಅದು ತಪ್ಪಲ್ಲ, ಅರ್ಧ. ‘ಸೆಟ್ ಶೆಡ್ಯೂಲರ್-ಲಾಕಿಂಗ್ ಆನ್’ ಎಂದರೆ ನೀವು ನಿಂತಿರುವ ಥ್ರೆಡ್ ಮಾತ್ರ ಓಡುತ್ತದೆ, ಉಳಿದವರು ಕಲ್ಲಾಗಿಯೇ ಇರುತ್ತಾರೆ. ಹಾರಾಟ ನಿಂತಿತು ನಿಜ. ಆದರೆ ಆ ಥ್ರೆಡ್ ಈಗ ಒಂದು ಲಾಕ್ ಕೇಳಿತು ಅಂದುಕೊಳ್ಳಿ. ಆ ಲಾಕ್ ಕಲ್ಲಾಗಿ ನಿಂತವನೊಬ್ಬನ ಕೈಯಲ್ಲಿದೆ. ಅವನು ಅಲುಗಾಡುವ ಹಾಗಿಲ್ಲ, ಆದ್ದರಿಂದ ಬಿಡುವ ಹಾಗೂ ಇಲ್ಲ. ಇವನು ಕಾಯುತ್ತಲೇ ಇರುತ್ತಾನೆ. ನಿಮ್ಮ ನೆಕ್ಸ್ಟ್ ವಾಪಸ್ ಬರದೇ ಇದ್ದದ್ದು ಇದಕ್ಕೇ. ಆ ಡೆಡ್‌ಲಾಕ್ (ಲಾಕ್‌ಗೆ ಕಾಯುತ್ತಾ ಯಾರೂ ಮುಂದೆ ಹೋಗಲಾಗದ ಸ್ಥಿತಿ) ಪ್ರೋಗ್ರಾಂ ಮಾಡಿದ್ದಲ್ಲ, ನೀವೇ ಮಾಡಿದ್ದು! ಕಂಟ್ರೋಲ್-ಸಿ ಒತ್ತಿ, ಲಾಕಿಂಗ್ ಆಫ್ ಮಾಡಿ, ಕಂಟಿನ್ಯೂ ಕೊಡಿ. ಅದು ಸರಿಯಾಗುತ್ತದೆ.

ಆನ್ ಮತ್ತು ಆಫ್ ನಡುವೆ ‘ಸ್ಟೆಪ್’ ಅಂತ ಇನ್ನೊಂದು ಆಯ್ಕೆ ಇದೆ. ಹೆಜ್ಜೆ ಹಾಕುವಾಗ ಮಾತ್ರ ಉಳಿದವರನ್ನು ಹಿಡಿದಿಡುತ್ತದೆ. ಕಂಟಿನ್ಯೂ ಅಥವಾ ಫಿನಿಶ್ ಕೊಟ್ಟರೆ ಎಲ್ಲರನ್ನೂ ಬಿಡುತ್ತದೆ. ದಿನನಿತ್ಯದ ಕೆಲಸಕ್ಕೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಲಾಕ್ ಹಿಡಿಯುವ ಸಾಲು ಬಂದಾಗ ಮಾತ್ರ ನೆಕ್ಸ್ಟ್ ಒತ್ತುವುದಿಲ್ಲ. ಅದರ ಮುಂದಿನ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟು ಕಂಟಿನ್ಯೂ ಕೊಡುತ್ತೇನೆ.

ಇದೇ ಜಾತಿಯ ಇನ್ನೊಂದು ಗುಂಡಿ ಇದೆ, ನಾನೇ ಹಲವು ಸಲ ಬಿದ್ದಿದ್ದೇನೆ. ಪ್ರೋಗ್ರಾಂ ನಿಂತಾಗ ‘ಪ್ರಿಂಟ್ ಕ್ಯೂ.ಸೈಜ್()’ ಅಂತ ಹಾಕುತ್ತೇವೆ. ಬರೀ ನೋಡುತ್ತಿದ್ದೇವೆ ಅನ್ನಿಸುತ್ತದೆ, ಆದರೆ ಅದು ನಿಮ್ಮ ಪ್ರೋಗ್ರಾಂ ಒಳಗೆ ಆ ಫಂಕ್ಷನ್ನನ್ನು ನಿಜವಾಗಿ ಓಡಿಸುತ್ತದೆ. ಲಾಕಿಂಗ್ ಆಫ್ ಇದ್ದರೆ ಆ ಹೊತ್ತಿನಲ್ಲಿ ಉಳಿದ ಥ್ರೆಡ್‌ಗಳೂ ಓಡುತ್ತವೆ. ಸೈಜ್ ಒಳಗೆ ಲಾಕ್ ಹಿಡಿಯುವ ಕೋಡ್ ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಫಂಕ್ಷನ್ ಕರೆಯಬೇಡಿ, ಒಳಗಿನ ವೇರಿಯಬಲ್‌ಗಳನ್ನೇ ನೇರವಾಗಿ ಪ್ರಿಂಟ್ ಮಾಡಿ.

ಜಿಡಿಬಿ ಒಳಗೆ ಯಾಕೆ ನಿಲ್ಲುವುದಿಲ್ಲ? ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ‘ಡಿಬಗ್ ಬಿಲ್ಡ್ ಮಾಡಿ’ ಅಂತ ಬರೆದಿದ್ದೀರಿ. ಅಂದರೆ ನೀವು ಎರಡು ಬೇರೆ ಬೇರೆ ಪ್ರೋಗ್ರಾಂಗಳನ್ನು ಹೋಲಿಸುತ್ತಿದ್ದೀರಿ. ಆಪ್ಟಿಮೈಸೇಷನ್ (ಕಂಪೈಲರ್ ಕೋಡನ್ನು ಚುರುಕು ಮಾಡುವುದು) ಇಲ್ಲದ ಬಿಲ್ಡ್ ನಿಧಾನ, ಅದರಲ್ಲಿ ಎರಡು ಥ್ರೆಡ್‌ಗಳು ಎದುರುಬದುರಾಗುವ ಹೊತ್ತೇ ಬೇರೆ. ಡಿಬಗ್ ಮಾಹಿತಿ ಸೇರಿಸುವ ಮೈನಸ್ ಜಿ ಮತ್ತು ಆಪ್ಟಿಮೈಸ್ ಮಾಡುವ ಮೈನಸ್ ಓ2 ಎರಡನ್ನೂ ಕಂಪೈಲರ್‌ಗೆ ಒಟ್ಟಿಗೆ ಕೊಡಬಹುದು. ಮೈನಸ್ ಜಿ ಸೇರಿಸಿದರೆ ಕೋಡ್ ಬದಲಾಗುವುದಿಲ್ಲ, ಫೈಲ್ ದಪ್ಪ ಆಗುತ್ತದೆ ಅಷ್ಟೇ. ರಿಲೀಸ್ ಬಿಲ್ಡ್‌ಗೇ ಮೈನಸ್ ಜಿ ಹಾಕಿ, ಅದನ್ನೇ ಡಿಬಗ್ ಮಾಡಿ. ‘ಆಪ್ಟಿಮೈಸ್ಡ್ ಔಟ್’ ಅಂತ ಕೆಲವು ವೇರಿಯಬಲ್‌ಗಳು ಕೈಕೊಡುತ್ತವೆ. ಕೊಡಲಿ. ಒಂದು ಫ್ರೇಮ್ ಮೇಲೆ (ಅಂದರೆ ಇದನ್ನು ಕರೆದ ಫಂಕ್ಷನ್‌ಗೆ) ಹತ್ತಿದರೆ ಅದೇ ಬೆಲೆ ಎಷ್ಟೋ ಸಲ ಬೇರೆ ಹೆಸರಲ್ಲಿ ಸಿಗುತ್ತದೆ.

ಎರಡನೆಯ ಕಾರಣ ಮೆಮೊರಿ ವಿಳಾಸಗಳು. ಜಿಡಿಬಿ ತಾನು ಶುರುಮಾಡಿದ ಪ್ರೋಗ್ರಾಂಗೆ ವಿಳಾಸ ಕಲಸುವಿಕೆಯನ್ನು ಆಫ್ ಮಾಡುತ್ತದೆ. ಹಾಗಾಗಿ ಪ್ರತಿ ಸಲವೂ ಮೆಮೊರಿ ಒಂದೇ ಥರ ಹರಡಿಕೊಂಡಿರುತ್ತದೆ, ಕೆಲವು ದೋಷಗಳು ಅಡಗಿಕೊಳ್ಳುತ್ತವೆ. ‘ಸೆಟ್ ಡಿಸೇಬಲ್-ರ್ಯಾಂಡಮೈಸೇಷನ್ ಆಫ್’ ಕೊಟ್ಟರೆ ಹೊರಗಿನ ಹಾಗೆಯೇ ಇರುತ್ತದೆ.

ಮೂರನೆಯದು ಬರೀ ಸಮಯ. ಪ್ರತಿ ನಿಲುಗಡೆಯೂ ಥ್ರೆಡ್‌ಗಳ ಓಟದ ಲಯ ಕೆಡಿಸುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹ್ಯಾಂಗ್ ಹುಡುಕಲು ನಡುವೆ ಪರದೆಗೆ ಬರೆಯುವ ಒಂದು ಪ್ರಿಂಟ್‌ಎಫ್ ಸಾಲು ಹಾಕಿದೆ. ಹ್ಯಾಂಗ್ ಮಾಯ! ತೆಗೆದರೆ ಮತ್ತೆ ಹಾಜರ್. ನಮ್ಮ ಟೀಮಿನವರು ಅದಕ್ಕೆ ‘ಇದನ್ನು ತೆಗೆಯಬೇಡಿ’ ಅಂತ ಕಾಮೆಂಟ್ ಬರೆದು ಆರು ತಿಂಗಳು ಇಟ್ಟುಕೊಂಡಿದ್ದರು. ಕಾರಣ ಆಮೇಲೆ ತಿಳಿಯಿತು. ಪ್ರಿಂಟ್‌ಎಫ್ ತನ್ನೊಳಗೆ ಔಟ್‌ಪುಟ್ ಸ್ಟ್ರೀಮ್‌ಗೆ ಒಂದು ಲಾಕ್ ಹಿಡಿಯುತ್ತದೆ. ಅಂದರೆ ನಾವು ಗೊತ್ತಿಲ್ಲದೇ ಎಲ್ಲ ಥ್ರೆಡ್‌ಗಳನ್ನೂ ಒಂದು ಕಿರಿದಾದ ಬಾಗಿಲಿನಿಂದ ಒಬ್ಬೊಬ್ಬರಾಗಿ ಕಳಿಸುತ್ತಿದ್ದೆವು. ನೋಡಲು ಹೋದರೆ ಮಾಯವಾಗುವ ಇಂಥ ದೋಷಕ್ಕೆ ಇಂಗ್ಲಿಷ್‌ನಲ್ಲಿ ಹೈಸೆನ್‌ಬಗ್ ಅನ್ನುತ್ತಾರೆ, ಭೌತವಿಜ್ಞಾನಿ ಹೈಸೆನ್‌ಬರ್ಗ್ ಹೆಸರಿನ ಮೇಲೆ ಆಡಿದ ಮಾತು.

ಹಾಗಾದರೆ ಜಿಡಿಬಿ ಒಳಗೆ ಓಡಿಸುವುದನ್ನೇ ಬಿಡಿ. ಹೊರಗೆ, ಮಾಮೂಲಿ ಥರ ಓಡಿಸಿ. ನಿಲ್ಲಲಿ. ನಿಂತ ಮೇಲೆ ಕೊಲ್ಲಬೇಡಿ! ಹ್ಯಾಂಗ್ ಆದ ಪ್ರೋಗ್ರಾಂ ಚಿನ್ನದ ಗಣಿ. ಅದರೊಳಗೆ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದೆಲ್ಲ ಹಾಗೆಯೇ ಇದೆ. ನಮ್ಮಲ್ಲಿ ಜಾಸ್ತಿ ಜನ ಮೊದಲು ಮಾಡುವುದು ರೀಸ್ಟಾರ್ಟ್, ಆಮೇಲೆ ಲಾಗ್ ನೋಡುತ್ತಾ ತಲೆ ಕೆರೆದುಕೊಳ್ಳುವುದು.

ಮೊದಲು ‘ಟಾಪ್ ಮೈನಸ್ ದೊಡ್ಡ ಎಚ್’ ಹಾಕಿ ನೋಡಿ. ಥ್ರೆಡ್ ಲೆಕ್ಕದಲ್ಲಿ ಸಿಪಿಯು ಬಳಕೆ ತೋರಿಸುತ್ತದೆ. ಎಲ್ಲರೂ ಸೊನ್ನೆಯಲ್ಲಿದ್ದರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ. ಒಂದು ಥ್ರೆಡ್ 100ರಲ್ಲಿ ಕುದಿಯುತ್ತಿದ್ದರೆ ಅದು ಡೆಡ್‌ಲಾಕ್ ಅಲ್ಲ, ಎಲ್ಲೋ ಲೂಪ್‌ನಲ್ಲಿ ಸುತ್ತುತ್ತಿದೆ. ಈ ಒಂದು ನೋಟಕ್ಕೆ ಅರ್ಧ ದಿನ ಉಳಿಯುತ್ತದೆ.

ನಿಮ್ಮದು ಸೊನ್ನೆ ಇರಬೇಕು ಎಂದುಕೊಂಡು ಮುಂದುವರಿಯುತ್ತೇನೆ. ಪ್ರೋಸೆಸ್ ನಂಬರ್ 20414 ಅಂತಿಟ್ಟುಕೊಳ್ಳಿ. ‘ಜಿಡಿಬಿ ಮೈನಸ್ ಪಿ 20414’ ಎಂದರೆ ಓಡುತ್ತಿರುವ ಪ್ರೋಗ್ರಾಂಗೆ ಜಿಡಿಬಿ ಅಂಟಿಕೊಳ್ಳುತ್ತದೆ. ಒಳಗೆ ಹೋಗಿ ‘ಸೆಟ್ ಪ್ಯಾಜಿನೇಷನ್ ಆಫ್’ ಕೊಡಿ, ಇಲ್ಲದಿದ್ದರೆ ಪುಟಕ್ಕೊಂದು ಸಲ ಎಂಟರ್ ಒತ್ತಿ ಬೆರಳು ನೋಯುತ್ತದೆ. ಆಮೇಲೆ ‘ಥ್ರೆಡ್ ಅಪ್ಲೈ ಆಲ್ ಬಿಟಿ’. ಒಂದೇ ಒಂದು ಕಮಾಂಡ್ ನೆನಪಿಟ್ಟುಕೊಳ್ಳುತ್ತೀರಿ ಎಂದರೆ ಇದನ್ನು ಇಟ್ಟುಕೊಳ್ಳಿ. ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಪಟ್ಟಿ) ಒಂದರ ಕೆಳಗೊಂದು ಬರುತ್ತದೆ.

ಈಗ ಓದುವ ಕೆಲಸ. ಪ್ರತಿ ಥ್ರೆಡ್‌ನ ಮೇಲಿನ ಎರಡು ಮೂರು ಫ್ರೇಮ್ ನೋಡಿ. ಪಿಥ್ರೆಡ್_ಕಾಂಡ್_ವೇಟ್ ಕಂಡರೆ ಆ ವರ್ಕರ್ ಸುಮ್ನೆ ಕೂತಿದ್ದಾನೆ, ಕೆಲಸ ಬರಲಿ ಅಂತ. ಕ್ಯೂ ಖಾಲಿ ಇದ್ದರೆ ಇದು ಸಹಜ. ಕ್ಯೂ ತುಂಬಿದ್ದೂ ಎಲ್ಲರೂ ಹೀಗೆ ಕೂತಿದ್ದರೆ, ಎಬ್ಬಿಸುವ ನೋಟಿಫೈ ಎಲ್ಲೋ ಕಳೆದುಹೋಗಿದೆ ಅಂತ ಅರ್ಥ. ಎಲ್‌ಎಲ್‌ಎಲ್_ಲಾಕ್_ವೇಟ್, ಅದರ ಕೆಳಗೆ ಪಿಥ್ರೆಡ್_ಮ್ಯೂಟೆಕ್ಸ್_ಲಾಕ್ ಕಂಡರೆ ಅವನು ಒಂದು ಲಾಕ್‌ಗಾಗಿ ಬಾಗಿಲಲ್ಲಿ ನಿಂತಿದ್ದಾನೆ. ನಮಗೆ ಬೇಕಾದವರು ಇವರು.

ಮೂರನೇ ಥ್ರೆಡ್ ಹಾಗೆ ನಿಂತಿದೆ ಅನ್ನಿ. ‘ಥ್ರೆಡ್ 3’ ಎಂದು ಅಲ್ಲಿಗೆ ಹೋಗಿ, ‘ಅಪ್’ ಒತ್ತುತ್ತಾ ಲೈಬ್ರರಿಯ ಫ್ರೇಮ್‌ಗಳನ್ನು ದಾಟಿ ನಿಮ್ಮ ಕೋಡ್‌ಗೆ ಬನ್ನಿ. ಅದು ಟೇಬಲ್‌ನ ಲಾಕ್ ಕೇಳುತ್ತಿದೆ ಅಂತ ಕಾಣುತ್ತದೆ. ಈಗ ಆ ಲಾಕ್ ಯಾರ ಕೈಲಿದೆ? ಇದನ್ನು ಊಹಿಸುವ ಅಗತ್ಯ ಇಲ್ಲ, ಲಾಕ್ ತಾನೇ ಬರೆದಿಟ್ಟುಕೊಂಡಿರುತ್ತದೆ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಮ್ಯೂಟೆಕ್ಸ್ (ಇಂಥ ಲಾಕ್‌ನ ತಾಂತ್ರಿಕ ಹೆಸರು) ಒಳಗೆ ಡೇಟಾ ಎಂಬ ಭಾಗ, ಅದರಲ್ಲಿ ಓನರ್ ಎಂಬ ನಂಬರ್ ಇದೆ. ಎರಡೂ ಹೆಸರಿನ ಮುಂದೆ ಎರಡೆರಡು ಅಂಡರ್‌ಸ್ಕೋರ್. ಸಿ++ನ ಎಸ್‌ಟಿಡಿ ಮ್ಯೂಟೆಕ್ಸ್ ಆದರೆ ಮೊದಲು ‘_ಎಂ_ಮ್ಯೂಟೆಕ್ಸ್’ ಒಳಗೆ ಹೊಕ್ಕು ಹೋಗಬೇಕು. ಪ್ರಿಂಟ್ ಮಾಡಿ. 20418 ಅಂತ ಬಂತು. ಇದು ಕರ್ನಲ್ ಕೊಟ್ಟ ಥ್ರೆಡ್ ನಂಬರ್. ‘ಇನ್ಫೋ ಥ್ರೆಡ್ಸ್’ ಪಟ್ಟಿಯಲ್ಲಿ ಎಲ್‌ಡಬ್ಲ್ಯೂಪಿ ಅಂತ ಇರುವ ಜಾಗದಲ್ಲಿ 20418 ಹುಡುಕಿದರೆ ಅದು ಐದನೇ ಥ್ರೆಡ್. ಅಲ್ಲಿಗೆ ಹೋಗಿ. ಅದೂ ಬಾಗಿಲಲ್ಲೇ ನಿಂತಿದೆ, ಕ್ಯೂನ ಲಾಕ್‌ಗಾಗಿ. ಆ ಲಾಕ್‌ನ ಓನರ್ ನೋಡಿ: 20416. ಪಟ್ಟಿಯಲ್ಲಿ ನೋಡಿದರೆ ಅದು ನಮ್ಮ ಮೂರನೇ ಥ್ರೆಡ್!

ಹೋಟೆಲ್ ಅಡುಗೆಮನೆಯಲ್ಲಿ ಒಬ್ಬ ಕಾವಲಿ ಹಿಡಿದುಕೊಂಡು ಸೌಟಿಗೆ ಕಾಯುತ್ತಿದ್ದಾನೆ, ಇನ್ನೊಬ್ಬ ಸೌಟು ಹಿಡಿದುಕೊಂಡು ಕಾವಲಿಗೆ ಕಾಯುತ್ತಿದ್ದಾನೆ. ದೋಸೆ ಹೊರಗೆ ಬರುವುದಿಲ್ಲ. ಉಳಿದ ಎರಡು ವರ್ಕರ್‌ಗಳು, ಮೇನ್ ಥ್ರೆಡ್ ಎಲ್ಲರೂ ಕ್ಯೂನ ಲಾಕ್‌ಗಾಗಿ ಹಿಂದೆ ಸಾಲು ನಿಂತಿರುತ್ತಾರೆ. ಅವರದ್ದೇನೂ ತಪ್ಪಿಲ್ಲ, ಅವರ ಸ್ಟ್ಯಾಕ್ ನೋಡುತ್ತಾ ಹೊತ್ತು ಕಳೆಯಬೇಡಿ. ಓನರ್ ನಂಬರ್ ಹಿಡಿದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಾ ಇದ್ದರೆ ಎಲ್ಲಿ ಸುತ್ತು ಬೀಳುತ್ತದೋ ಅಲ್ಲೇ ತಪ್ಪು.

ಎರಡು ವಿಶೇಷ ಸಂದರ್ಭಗಳಿವೆ. ಓನರ್ ನಂಬರ್ ಕಾಯುತ್ತಿರುವ ಥ್ರೆಡ್‌ನದ್ದೇ ಆಗಿದ್ದರೆ, ಅವನು ಹಿಡಿದ ಲಾಕನ್ನೇ ಮತ್ತೆ ಕೇಳುತ್ತಿದ್ದಾನೆ. ಲಾಕ್ ಹಿಡಿದ ಫಂಕ್ಷನ್ ಒಳಗಿಂದ ಅದೇ ಲಾಕ್ ಹಿಡಿಯುವ ಇನ್ನೊಂದು ಫಂಕ್ಷನ್ ಕರೆದಾಗ ಹೀಗಾಗುತ್ತದೆ. ಓನರ್ ನಂಬರ್ ಪಟ್ಟಿಯಲ್ಲೇ ಇಲ್ಲದಿದ್ದರೆ ಇನ್ನೂ ಮಜಾ: ಲಾಕ್ ಹಿಡಿದವನು ಬಿಡದೆಯೇ ಮುಗಿದುಹೋಗಿದ್ದಾನೆ. ಕೈಯಾರೆ ಲಾಕ್, ಅನ್‌ಲಾಕ್ ಬರೆದು ನಡುವೆ ರಿಟರ್ನ್ ಮಾಡಿದ ಕಡೆ ಹುಡುಕಿ.

ಅಂಟಿಕೊಳ್ಳುವಾಗಲೂ ತಕರಾರು ಬರಬಹುದು. ‘ಪಿಟ್ರೇಸ್: ಆಪರೇಷನ್ ನಾಟ್ ಪರ್ಮಿಟೆಡ್’ ಅಂದರೆ ಉಬುಂಟು ಥರದ ವಿತರಣೆಗಳಲ್ಲಿರುವ ಯಾಮಾ ಎಂಬ ಭದ್ರತಾ ಕ್ರಮ ತಡೆಯುತ್ತಿದೆ. ಪಿಟ್ರೇಸ್_ಸ್ಕೋಪ್ ಬೆಲೆ 1 ಇದ್ದರೆ ನೀವು ಡಿಬಗರ್ ಒಳಗಿಂದ ಶುರುಮಾಡಿದ ಪ್ರೋಗ್ರಾಂಗಳನ್ನು ಮಾತ್ರ ನೋಡಲು ಬಿಡುತ್ತದೆ. ಸುಡೊ ಹಾಕಿ ಜಿಡಿಬಿ ಓಡಿಸಿದರೆ ಆಯಿತು. ಡಾಕರ್ ಒಳಗಿದ್ದರೆ ಕಂಟೇನರ್‌ಗೆ ಎಸ್‌ವೈಎಸ್_ಪಿಟ್ರೇಸ್ ಅನುಮತಿ ಬೇಕಾಗಬಹುದು. ಸ್ಟ್ಯಾಕ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಸಿಂಬಲ್‌ಗಳಿಲ್ಲ, ಅಂದರೆ ಫಂಕ್ಷನ್‌ಗಳ ಹೆಸರಿನ ಮಾಹಿತಿ ಫೈಲಿನಲ್ಲಿಲ್ಲ. ನಡುವೆ ಯಾರಾದರೂ ಹೊಸದಾಗಿ ಬಿಲ್ಡ್ ಮಾಡಿ ಹಳೆಯ ಫೈಲ್ ಮೇಲೆ ಬರೆದಿದ್ದರೂ ಸಾಲುಗಳು ತಾಳೆಯಾಗುವುದಿಲ್ಲ. ಇದನ್ನು ಮೊದಲು ಅನುಮಾನಿಸಿ, ನಮ್ಮ ಕೈಯಲ್ಲೇ ಜಾಸ್ತಿ ಆಗುವುದು ಇದು.

‘ಲಿಬ್‌ಥ್ರೆಡ್_ಡಿಬಿ ಸಿಗಲಿಲ್ಲ’ ಎಂಬ ಎಚ್ಚರಿಕೆ ಬಂದರೆ ಮಾತ್ರ ಡಿಬಗರ್ ಕಡೆ ನಿಜವಾದ ರಿಪೇರಿ ಕೆಲಸ ಇದೆ. ಜಿಡಿಬಿಗೆ ಥ್ರೆಡ್‌ಗಳ ಒಳವಿವರ ಓದಿಕೊಡುವ ಸಹಾಯಕ ಲೈಬ್ರರಿ ಇದು. ಪ್ರೋಗ್ರಾಂ ಬಳಸುವ ಥ್ರೆಡ್ ಲೈಬ್ರರಿಗೂ ಇದಕ್ಕೂ ಜೋಡಿ ಹೊಂದಬೇಕು. ಎಂಬೆಡೆಡ್ ಬೋರ್ಡ್‌ಗಳಲ್ಲಿ ಜಾಗ ಉಳಿಸಲು ಲೈಬ್ರರಿಗಳನ್ನು ಪೂರ್ತಿ ಸ್ಟ್ರಿಪ್ ಮಾಡುತ್ತಾರೆ, ಅಂದರೆ ಸಿಂಬಲ್‌ಗಳನ್ನು ಕಿತ್ತುಹಾಕುತ್ತಾರೆ. ಆಗ ಎನ್‌ಪಿಟಿಎಲ್_ವರ್ಷನ್ ಎಂಬ ಸಿಂಬಲ್ ಕೂಡ ಹೋಗುತ್ತದೆ, ಸಹಾಯಕ ಕೈಚೆಲ್ಲುತ್ತಾನೆ. 2021ರಲ್ಲಿ ಬಂದ ಜಿಲಿಬ್‌ಸಿ 2.34ರವರೆಗೆ ಈ ಎಚ್ಚರ ಲಿಬ್‌ಪಿಥ್ರೆಡ್ ಎಂಬ ಥ್ರೆಡ್ ಲೈಬ್ರರಿಯ ಫೈಲಿಗೆ ಬೇಕಿತ್ತು. ಅಲ್ಲಿಂದ ಅದು ಲಿಬ್‌ಸಿ (ಜಿಲಿಬ್‌ಸಿಯ ಮುಖ್ಯ ಫೈಲ್) ಒಳಗೇ ಸೇರಿಕೊಂಡಿದೆ, ಹಾಗಾಗಿ ಈಗ ಲಿಬ್‌ಸಿಯನ್ನೇ ಜೋಪಾನ ಮಾಡಬೇಕು. ಪೂರ್ತಿ ಸ್ಟ್ರಿಪ್ ಬದಲು ಡಿಬಗ್ ಭಾಗ ಮಾತ್ರ ತೆಗೆಯುವ ಸ್ಟ್ರಿಪ್-ಡಿಬಗ್ ಸಾಕು. ಯಾಕೆ ಸಿಗಲಿಲ್ಲ ಅಂತ ನೋಡಲು ‘ಸೆಟ್ ಡಿಬಗ್ ಲಿಬ್‌ಥ್ರೆಡ್-ಡಿಬಿ 1’ ಕೊಟ್ಟರೆ ಜಿಡಿಬಿ ಎಲ್ಲೆಲ್ಲಿ ಹುಡುಕಿತು ಅಂತ ಹೇಳುತ್ತದೆ. ಜಾಗ ಬೇರೆ ಇದ್ದರೆ ‘ಸೆಟ್ ಲಿಬ್‌ಥ್ರೆಡ್-ಡಿಬಿ-ಸರ್ಚ್-ಪಾತ್’ ಇದೆ.

ನಿಲ್ಲಿಸುವುದರಿಂದಲೇ ಪ್ರೋಗ್ರಾಂ ಬೇರೆ ಥರ ನಡೆದುಕೊಳ್ಳುತ್ತದೆ ಅಂದೆನಲ್ಲ, ಅದರಲ್ಲಿ ಒಂದು ಬಹಳ ಮೋಸದ್ದು. ಒಂದು ಥ್ರೆಡ್ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಾಗ, ಇನ್ನೊಂದು ಥ್ರೆಡ್ ಎಪೋಲ್_ವೇಟ್ ಥರದ ಸಿಸ್ಟಂ ಕಾಲ್ (ಕರ್ನಲ್‌ಗೆ ಕೊಡುವ ಕರೆ) ಒಳಗೆ ಕಾಯುತ್ತಿದ್ದರೆ, ಆ ಕಾಲ್ ಅವಧಿಗೆ ಮುಂಚೆಯೇ ಮುಗಿದುಬಿಡಬಹುದು. ‘ನಡುವೆ ತಡೆಯಾಯಿತು’ ಎಂಬ ಅರ್ಥದ ಇಐಎನ್‌ಟಿಆರ್ ಎಂಬ ಎರರ್ ಕೊಡುತ್ತದೆ. ಜಿಡಿಬಿಯ ಕೈಪಿಡಿಯಲ್ಲೇ ಈ ಅಡ್ಡ ಪರಿಣಾಮದ ಬಗ್ಗೆ ಬರೆದಿದೆ. ನಿಮ್ಮ ಕೋಡ್ ಅದನ್ನು ದೊಡ್ಡ ತಪ್ಪೆಂದು ತಿಳಿದು ಕನೆಕ್ಷನ್ ಮುಚ್ಚಿದರೆ, ಡಿಬಗರ್ ಇದ್ದಾಗ ಮಾತ್ರ ಬರುವ ದೋಷ ಅಂತ ಅನ್ನಿಸುತ್ತದೆ. ಆ ಎರರ್ ಬಂದರೆ ಮತ್ತೆ ಕರೆಯುವಂತೆ ಬರೆಯಿರಿ, ಡಿಬಗರ್ ಇಲ್ಲದಿದ್ದರೂ ಅದು ಬೇಕಾದದ್ದೇ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಪೆಟ್ಟಿಗೆಯಂಥ ಉಪಕರಣ ಇತ್ತು. ಜಿಡಿಬಿ ಅಂಟಿಸಿದ ಕೆಲವೇ ಸೆಕೆಂಡಿಗೆ ಅದು ರೀಬೂಟ್ ಆಗುತ್ತಿತ್ತು. ಎರಡು ದಿನ ಜಿಡಿಬಿಯನ್ನು ಬೈದುಕೊಂಡೆವು. ಕೊನೆಗೆ ಹೊಳೆಯಿತು: ಹಾರ್ಡ್‌ವೇರ್ ವಾಚ್‌ಡಾಗ್‌ಗೆ (ಸದ್ದಿಲ್ಲದಿದ್ದರೆ ಯಂತ್ರವನ್ನು ರೀಬೂಟ್ ಮಾಡುವ ಟೈಮರ್) ಆಗಾಗ ‘ಬದುಕಿದ್ದೇನೆ’ ಅಂತ ಹೇಳುವ ಥ್ರೆಡ್ಡೂ ಸ್ಟ್ಯಾಚ್ಯೂ ಆಗುತ್ತಿತ್ತು. ವಾಚ್‌ಡಾಗ್ ತನ್ನ ಕೆಲಸ ತಾನು ಮಾಡುತ್ತಿತ್ತು ಪಾಪ. ಇಂಥ ಕಡೆ ವಾಚ್‌ಡಾಗ್ ಆಫ್ ಮಾಡಿ, ಇಲ್ಲವೇ ಪ್ರೋಗ್ರಾಂ ಶುರುವಾಗುವ ಮೊದಲೇ ‘ಸೆಟ್ ನಾನ್-ಸ್ಟಾಪ್ ಆನ್’ ಕೊಡಿ. ಆಗ ಬ್ರೇಕ್‌ಪಾಯಿಂಟ್ ಮುಟ್ಟಿದವನು ಮಾತ್ರ ನಿಲ್ಲುತ್ತಾನೆ. ಅದನ್ನು ಅಭ್ಯಾಸ ಮಾಡಿಕೊಳ್ಳಲು ಸ್ವಲ್ಪ ದಿನ ಬೇಕು. ಎಲ್ಲದಕ್ಕೂ ಅದನ್ನೇ ಬಳಸಿ ಅಂತ ನಾನು ಹೇಳುವುದಿಲ್ಲ.

ವಾಚ್‌ಡಾಗ್ ಎಂದಾಗ ನೆನಪಾಯಿತು. 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆ ಪದೇ ಪದೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕೂಡಿಸುವ ಕಡಿಮೆ ಆದ್ಯತೆಯ ಕೆಲಸವೊಂದು ಮ್ಯೂಟೆಕ್ಸ್ ಹಿಡಿದಿರುತ್ತಿತ್ತು. ಮಧ್ಯಮ ಆದ್ಯತೆಯ ಕೆಲಸಗಳು ಅದನ್ನು ಪಕ್ಕಕ್ಕೆ ಸರಿಸಿ ಓಡುತ್ತಿದ್ದವು. ಅದೇ ಮ್ಯೂಟೆಕ್ಸ್‌ಗೆ ಕಾಯುತ್ತಿದ್ದ ಹೆಚ್ಚಿನ ಆದ್ಯತೆಯ ಕೆಲಸ ಕಾಯುತ್ತಲೇ ಉಳಿಯುತ್ತಿತ್ತು. ವಾಚ್‌ಡಾಗ್ ರೀಸೆಟ್ ಮಾಡುತ್ತಿತ್ತು. ನಾಸಾದ ಜೆಪಿಎಲ್‌ನವರು ಭೂಮಿಯ ಮೇಲಿದ್ದ ನಕಲು ಯಂತ್ರದಲ್ಲಿ ಟ್ರೇಸ್ ಆನ್ ಮಾಡಿ, ಅದೇ ಸ್ಥಿತಿ ಮರುಕಳಿಸುವವರೆಗೆ ಓಡಿಸಿ, ದಾಖಲೆ ಓದಿ ಕಂಡುಹಿಡಿದರು. ಮಂಗಳದಲ್ಲಿರುವ ಪ್ರೋಗ್ರಾಂ ಮೇಲೆ ನೆಕ್ಸ್ಟ್ ಒತ್ತಲು ಆಗುವುದಿಲ್ಲವಲ್ಲ.

ಇದುವರೆಗೆ ಹೇಳಿದ್ದೆಲ್ಲ ನಿಂತುಹೋಗುವ ದೋಷಕ್ಕೆ. ನಾಳೆ ನಿಮ್ಮ ಲೆಕ್ಕದ ಟೇಬಲ್‌ನಲ್ಲಿ ತಪ್ಪು ಸಂಖ್ಯೆ ಬಂದರೆ ಫೋಟೊ ಸಾಲುವುದಿಲ್ಲ. ಕೆಡಿಸಿದವನು ಅಷ್ಟರಲ್ಲಿ ಓಡಿಹೋಗಿರುತ್ತಾನೆ. ಆಗ ವಾಚ್‌ಪಾಯಿಂಟ್ (ಒಂದು ವೇರಿಯಬಲ್ ಬದಲಾದ ಕೂಡಲೇ ನಿಲ್ಲಿಸುವ ಕಾವಲು) ನೆನಪಾಗುತ್ತದೆ. ಹಾರ್ಡ್‌ವೇರ್ ವಾಚ್‌ಪಾಯಿಂಟ್ ಆದರೆ ಎಲ್ಲ ಥ್ರೆಡ್‌ಗಳನ್ನೂ ಕಾಯುತ್ತದೆ. ಆದರೆ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಅದಕ್ಕೆ ಇರುವುದು ನಾಲ್ಕೇ ರಿಜಿಸ್ಟರ್. ದೊಡ್ಡ ಸ್ಟ್ರಕ್ಚರ್ ಮೇಲೆ ಇಟ್ಟರೆ ಜಿಡಿಬಿ ಸಾಫ್ಟ್‌ವೇರ್ ವಾಚ್‌ಪಾಯಿಂಟ್‌ಗೆ ಇಳಿಯುತ್ತದೆ. ಅದು ವಿಪರೀತ ನಿಧಾನ. ಅದಕ್ಕಿಂತ ಕೆಟ್ಟದ್ದು, ಬೇರೆ ಥ್ರೆಡ್ ಮಾಡಿದ ಬದಲಾವಣೆ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಇಟ್ಟಾಗ ‘ಹಾರ್ಡ್‌ವೇರ್ ವಾಚ್‌ಪಾಯಿಂಟ್’ ಅಂತ ಬಂತಾ, ಬರೀ ‘ವಾಚ್‌ಪಾಯಿಂಟ್’ ಅಂತ ಬಂತಾ ನೋಡಿಕೊಳ್ಳಿ.

ಅದಕ್ಕೂ ಮೊದಲು ಥ್ರೆಡ್‌ಸ್ಯಾನಿಟೈಜರ್ ಹಾಕಿ. ಜಿಸಿಸಿ, ಕ್ಲ್ಯಾಂಗ್ ಎಂಬ ಎರಡು ಕಂಪೈಲರ್‌ಗಳಲ್ಲೂ ‘ಮೈನಸ್ ಎಫ್‌ಸ್ಯಾನಿಟೈಜ್=ಥ್ರೆಡ್’ ಎಂದು ಬಿಲ್ಡ್ ಮಾಡಿದರೆ ಸಾಕು. ಪ್ರೋಗ್ರಾಂ 5ರಿಂದ 15 ಪಟ್ಟು ನಿಧಾನ ಆಗುತ್ತದೆ, ಮೆಮೊರಿಯೂ ಜಾಸ್ತಿ ತಿನ್ನುತ್ತದೆ. ಆದರೆ ಲಾಕ್ ಇಲ್ಲದೆ ಒಂದೇ ಜಾಗ ಮುಟ್ಟಿದ ಇಬ್ಬರ ಸ್ಟ್ಯಾಕನ್ನೂ ಮುಂದಿಡುತ್ತದೆ. ನಿಮಗೆ ಇನ್ನೊಂದು ಲಾಭ ಇದೆ: ಲಾಕ್‌ಗಳನ್ನು ಒಂದು ಕಡೆ ಒಂದು ಕ್ರಮದಲ್ಲಿ, ಇನ್ನೊಂದು ಕಡೆ ಉಲ್ಟಾ ಕ್ರಮದಲ್ಲಿ ಹಿಡಿದದ್ದು ಕಂಡರೆ, ಹ್ಯಾಂಗ್ ಆಗದಿದ್ದರೂ ‘ಲಾಕ್-ಆರ್ಡರ್-ಇನ್ವರ್ಷನ್’ ಅಂತ ಎಚ್ಚರಿಸುತ್ತದೆ. ಶುರುವಲ್ಲೇ ‘ಅನ್‌ಎಕ್ಸ್‌ಪೆಕ್ಟೆಡ್ ಮೆಮೊರಿ ಮ್ಯಾಪಿಂಗ್’ ಅಂದು ಸತ್ತರೆ ಗಾಬರಿ ಬೇಡ. ಹೊಸ ಕರ್ನಲ್‌ಗಳಲ್ಲಿ ವಿಳಾಸ ಕಲಸುವಿಕೆ ಜಾಸ್ತಿ ಇರುವುದು ಅದಕ್ಕೆ ಕಾರಣ. ವಿಎಂ.ಎಂಮ್ಯಾಪ್_ಆರ್‌ಎನ್‌ಡಿ_ಬಿಟ್ಸ್ ಅನ್ನು 28ಕ್ಕೆ ಇಳಿಸಿದರೆ ಓಡುತ್ತದೆ.

ಅಪರೂಪಕ್ಕೊಮ್ಮೆ ಬರುವ ದೋಷಕ್ಕೆ ಮೊಜಿಲ್ಲಾದವರು ಫೈರ್‌ಫಾಕ್ಸ್‌ಗಾಗಿ ಕಟ್ಟಿದ ಆರ್‌ಆರ್ ಎಂಬ ಸಾಧನ ನನಗೆ ತುಂಬ ಇಷ್ಟ. ಓಟವನ್ನು ಒಮ್ಮೆ ರೆಕಾರ್ಡ್ ಮಾಡಿಕೊಂಡು, ಅದೇ ಓಟವನ್ನು ಎಷ್ಟು ಸಲ ಬೇಕಾದರೂ ಮತ್ತೆ ನೋಡಬಹುದು. ಹಿಂದಕ್ಕೂ ಹೋಗಬಹುದು. ಕೆಟ್ಟ ಸಂಖ್ಯೆಯ ಮೇಲೆ ವಾಚ್‌ಪಾಯಿಂಟ್ ಇಟ್ಟು ‘ರಿವರ್ಸ್-ಕಂಟಿನ್ಯೂ’ ಕೊಟ್ಟರೆ, ಅದನ್ನು ಕೊನೆಯದಾಗಿ ಬರೆದ ಸಾಲಿಗೇ ಹೋಗಿ ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಅದಕ್ಕೂ ಮಿತಿಗಳಿವೆ: ಎಲ್ಲ ಥ್ರೆಡ್‌ಗಳನ್ನೂ ಒಂದೇ ಕೋರ್ ಮೇಲೆ ಸರದಿಯಲ್ಲಿ ಓಡಿಸುತ್ತದೆ, ಹಾಗಾಗಿ ಕೆಲವು ದೋಷ ಅಲ್ಲಿ ಬರುವುದೇ ಇಲ್ಲ. ಸರದಿಯನ್ನು ಬೇಕೆಂದೇ ಕೆಡಿಸುವ ಕೇಯಾಸ್ ಎಂಬ ಆಯ್ಕೆ ಹಾಕಿದರೆ ಸಿಗುವ ಸಾಧ್ಯತೆ ಹೆಚ್ಚು. ಪ್ರೊಸೆಸರ್‌ನ ಪರ್ಫಾರ್ಮೆನ್ಸ್ ಕೌಂಟರ್ ಬೇಕು, ಎಷ್ಟೋ ಕ್ಲೌಡ್ ಯಂತ್ರಗಳಲ್ಲಿ ಅದು ಸಿಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ನೇರವಾಗಿ ಇದ್ದರೆ ಪ್ರಯತ್ನಿಸಿ.

ಇನ್ನು ನಿಮ್ಮ ಎರಡು ಲಾಕ್‌ಗಳ ವಿಷಯ. ಕೋಡ್ ನೋಡದೆ ಹೇಳುತ್ತಿದ್ದೇನೆ, ಆದರೂ ನನ್ನ ಅನುಮಾನ ಅಲ್ಲೇ. ವರ್ಕರ್ ಕ್ಯೂನ ಲಾಕ್ ಹಿಡಿದು, ಕೆಲಸ ಎತ್ತಿಕೊಂಡು, ಅದನ್ನು ಬಿಡುವ ಮೊದಲೇ ಟೇಬಲ್‌ನ ಲಾಕ್ ಹಿಡಿಯುತ್ತಿರಬೇಕು. ಇನ್ನೊಂದು ಕಡೆ, ಬಹುಶಃ ಕೆಲಸ ಸೋತಾಗ ಮತ್ತೆ ಕ್ಯೂಗೆ ಹಾಕುವ ಜಾಗದಲ್ಲಿ, ಟೇಬಲ್‌ನ ಲಾಕ್ ಹಿಡಿದುಕೊಂಡೇ ಕ್ಯೂನ ಲಾಕ್ ಕೇಳುತ್ತಿರಬೇಕು. ಸೋಲು ಯಾವಾಗಲೋ ಒಮ್ಮೆ ಆಗುವುದರಿಂದಲೇ ಹ್ಯಾಂಗ್ ಆಗಲು ಅಷ್ಟು ಹೊತ್ತು ಹಿಡಿಯುತ್ತದೆ. ಹಾಗಿದ್ದರೆ ಎರಡೂ ಕಡೆ ಒಂದೇ ಕ್ರಮ ಪಾಲಿಸಿ. ಸಿ++17 ಇದ್ದರೆ ಎಸ್‌ಟಿಡಿ ಸ್ಕೋಪ್ಡ್_ಲಾಕ್‌ಗೆ ಎರಡೂ ಮ್ಯೂಟೆಕ್ಸ್ ಒಟ್ಟಿಗೆ ಕೊಟ್ಟುಬಿಡಿ, ಸಿಕ್ಕಿಕೊಳ್ಳದಂತೆ ಅದೇ ನೋಡಿಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಕೆಲಸ ಎತ್ತಿಕೊಂಡ ತಕ್ಷಣ ಕ್ಯೂನ ಲಾಕ್ ಬಿಟ್ಟು ಆಮೇಲೆ ಟೇಬಲ್ ಮುಟ್ಟುವುದು.

ಆದರೆ ನನ್ನ ಊಹೆ ನಂಬಿ ಇವತ್ತೇ ಕೋಡ್ ಬದಲಿಸಬೇಡಿ. ಮುಂದಿನ ಸಲ ನಿಂತಾಗ ಥ್ರೆಡ್ ಅಪ್ಲೈ ಆಲ್ ಬಿಟಿ ಕೊಟ್ಟು, ಬಂದದ್ದನ್ನು ಫೈಲಿಗೆ ಉಳಿಸಿ, ಎರಡೂ ಮ್ಯೂಟೆಕ್ಸ್‌ಗಳ ಓನರ್ ನಂಬರ್ ಬರೆದುಕೊಳ್ಳಿ. ಪ್ರೊಡಕ್ಷನ್ ಯಂತ್ರ, ತುಂಬ ಹೊತ್ತು ಹಿಡಿದಿಡಲು ಬಿಡುವುದಿಲ್ಲ ಅಂದರೆ ಜಿಕೋರ್ ಎಂಬ ಕಮಾಂಡ್‌ಗೆ ಪ್ರೋಸೆಸ್ ನಂಬರ್ ಕೊಡಿ. ಕೋರ್ ಫೈಲ್ (ಆ ಕ್ಷಣದ ಮೆಮೊರಿಯ ಪ್ರತಿ) ಬರೆದುಕೊಡುತ್ತದೆ. ಅದಾದ ಮೇಲೆ ಅವರು ರೀಸ್ಟಾರ್ಟ್ ಮಾಡಿಕೊಳ್ಳಲಿ, ನೀವು ನಿಮ್ಮ ಯಂತ್ರದಲ್ಲಿ ಅದೇ ಬಿಲ್ಡ್ ಜೊತೆ ಆ ಫೈಲ್ ತೆರೆದು ಇದೇ ಎರಡು ನಂಬರ್ ನೋಡಿ.